ಬೆಕ್ಕಿನ ಕೊನೆಯ ಸುತ್ತು

ಹಳೆ ಗಿರಣಿಯಿಂದ ಊರಾಚೆಯ ಹುಲ್ಲಿನ ಬಣವೆಗೆ ಬೆಕ್ಕೊಂದು ತನ್ನ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಸಾಗಿಸುತ್ತಿತ್ತು. ದಾರಿಯಲ್ಲಿ ಮಲಗಿದ್ದ ಮುದಿನಾಯಿ ಮಾತಾಡಿಸಿದರೂ ಉತ್ತರವಿಲ್ಲ. "ಎಷ್ಟು ಕೊಬ್ಬು ಇದಕ್ಕೆ!" ಎಂದು ನಾಯಿ ಗೊಣಗಿತು.

ಮರಳುವಾಗ ಬೆಕ್ಕೇ ನಿಂತು ಹೇಳಿತು: "ತಪ್ಪು ತಿಳಿಯಬೇಡಣ್ಣಾ, ಆಗ ಬಾಯಲ್ಲಿ ಮಗುವಿತ್ತು."

"ಬೆಳಗಿನಿಂದ ನಡೀತಾನೇ ಇದ್ದೀಯಲ್ಲ, ಇನ್ನೂ ತಲುಪಲಿಲ್ಲವೇ?"

"ನಾನು ಆಗಲೇ ತಲುಪಿದೆ. ಮಕ್ಕಳೆಲ್ಲ ತಲುಪಬೇಕಲ್ಲ."

ಸಂಜೆಗೆ ಕೊನೆಯ ಮರಿಯೂ ಬಣವೆ ಸೇರಿತು. ಆದರೂ ಬೆಕ್ಕು ಕಾಲೆಳೆಯುತ್ತ ಮತ್ತೆ ಗಿರಣಿಯತ್ತ ಹೊರಟಿತು.

"ಇನ್ನೂ ಒಂದು ಉಳಿದಿದೆಯೇ?"

"ಇಲ್ಲ. ಆದರೆ ಗಿರಣಿಯಲ್ಲಿ ಮಕ್ಕಳಿದ್ದ ಆ ಮೂಲೆ ಖಾಲಿಯಾದದ್ದನ್ನು ಕಣ್ಣಾರೆ ನೋಡದೆ ನಿದ್ದೆ ಹತ್ತದು."

ನಾಯಿ ಮೈ ಕೊಡವಿ ಎದ್ದಿತು. "ನೀನು ಮಕ್ಕಳ ಹತ್ತಿರ ಹೋಗು ತಾಯಿ. ಖಾಲಿ ಮೂಲೆಯನ್ನು ನಾನು ನೋಡಿ ಬರುತ್ತೇನೆ."