ಮೂಕ ಫೋನಿನೊಳಗೆ ಅಜ್ಜಿಯ ಜೋಗುಳ

ಕೇಳ್ತೀರಾ ಮಕ್ಕಳೇ? ಹೂಂ ಅಂತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತೆ.

ಕಸ್ತೂರಿ ಅಂತ ಒಬ್ಬಳು ಹುಡುಗಿ. ಅವಳಿಗೊಬ್ಬ ಪುಟ್ಟ ತಮ್ಮ. ಅಜ್ಜಿ ಜೋಗುಳ ಹಾಡಿದರೇ ಅವನಿಗೆ ನಿದ್ದೆ. ಅಜ್ಜಿ ತೀರಿಕೊಂಡರು. ಅಜ್ಜಿ ಜೋಗುಳ ಹಾಡಿದ ವಿಡಿಯೋ ಮಾತ್ರ ಅಮ್ಮನ ಫೋನಿನಲ್ಲಿ ಉಳಿಯಿತು. ದಿನಾ ಅದನ್ನೇ ಹಾಕೋರು. ತಮ್ಮ ಮಲಗೋನು.

ಒಂದು ದಿನ ಕಸ್ತೂರಿಯ ಕೈಯಿಂದ ಫೋನು ಜಾರಿತು. ಕಲ್ಲಿನ ಮೇಲೆ ಬಿತ್ತು. ಮೂಕಾಯಿತು. ಅಜ್ಜಿ ಕಾಣ್ತಾರೆ. ಅಜ್ಜಿಯ ತುಟಿ ಅಲ್ಲಾಡುತ್ತೆ. ದನಿ ಮಾತ್ರ ಇಲ್ಲ.

ತಮ್ಮ ಅತ್ತ. ಕಸ್ತೂರಿಯೂ ಅತ್ತಳು.

"ಅಮ್ಮಾ, ಅಜ್ಜಿಯ ದನಿ ಹೋಗೇಬಿಡ್ತಾ?"

"ಇಲ್ಲ ಕಂದಾ. ಒಳಗೇ ಇದೆ. ಕಂಪ್ಯೂಟರಿಗೆ ಹಾಕಿದರೆ ಕೇಳುತ್ತೆ. ಲೈಬ್ರರಿಯ ವಿಮಲಕ್ಕನ್ನ ಕೇಳು."

ಕಸ್ತೂರಿ ಲೈಬ್ರರಿಗೆ ಹೋದಳು.

"ವಿಮಲಕ್ಕಾ, ಕಂಪ್ಯೂಟರು ಕೊಡಿ. ಕಂಪ್ಯೂಟರು ಸಿಕ್ಕರೆ ಅಜ್ಜಿಯ ದನಿ. ದನಿ ಬಂದರೆ ತಮ್ಮನಿಗೆ ನಿದ್ದೆ."

"ಕಂಪ್ಯೂಟರು ಇದೆ. ಫೋನಿಗೆ ಜೋಡಿಸೋ ವೈರು ಇಲ್ಲ. ಟೇಲರ್ ದಾವಲಣ್ಣನ್ನ ಕೇಳು."

ಕಸ್ತೂರಿ ಟೇಲರ್ ಅಂಗಡಿಗೆ ಹೋದಳು.

"ದಾವಲಣ್ಣಾ, ವೈರು ಕೊಡು. ವೈರು ಸಿಕ್ಕರೆ ಕಂಪ್ಯೂಟರು. ಕಂಪ್ಯೂಟರು ಸಿಕ್ಕರೆ ಅಜ್ಜಿಯ ದನಿ. ದನಿ ಬಂದರೆ ತಮ್ಮನಿಗೆ ನಿದ್ದೆ."

"ಈಗ ಕೊಡಲಾರೆ ಪುಟ್ಟೀ. ನನ್ನ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಾಳೆ. ಫೋನ್ ಬರಬೇಕು. ನೋಡು, ಚಾರ್ಜೇ ಇಲ್ಲ. ನಮ್ಮ ಬೀದಿಗೆ ಕರೆಂಟೂ ಇಲ್ಲ. ಕರೆಂಟು ಬಂದ ಕೂಡಲೇ ಈ ವೈರಿನಲ್ಲೇ ಚಾರ್ಜ್ ಹಾಕಬೇಕು. ಲೈನ್‌ಮ್ಯಾನ್ ಫಕೀರಣ್ಣನ್ನ ಕೇಳು."

ಕಸ್ತೂರಿ ಕಂಬದ ಹತ್ತಿರ ಹೋದಳು.

"ಫಕೀರಣ್ಣಾ, ಕರೆಂಟು ಕೊಡು. ಕರೆಂಟು ಬಂದರೆ ವೈರು. ವೈರು ಸಿಕ್ಕರೆ ಕಂಪ್ಯೂಟರು. ಕಂಪ್ಯೂಟರು ಸಿಕ್ಕರೆ ಅಜ್ಜಿಯ ದನಿ. ದನಿ ಬಂದರೆ ತಮ್ಮನಿಗೆ ನಿದ್ದೆ."

"ಕಂಬ ಹತ್ತೋದು ಹೇಗೆ? ನನ್ನ ಏಣಿ ಮುರಿದಿದೆ. ಸಂಕವ್ವನ್ನ ಕೇಳು."

ಕಸ್ತೂರಿ ಸಂಕವ್ವನ ಹಿತ್ತಲಿಗೆ ಹೋದಳು.

"ಸಂಕವ್ವಾ, ಏಣಿ ಕೊಡು. ಏಣಿ ಸಿಕ್ಕರೆ ಕರೆಂಟು. ಕರೆಂಟು ಬಂದರೆ ವೈರು. ವೈರು ಸಿಕ್ಕರೆ ಕಂಪ್ಯೂಟರು. ಕಂಪ್ಯೂಟರು ಸಿಕ್ಕರೆ ಅಜ್ಜಿಯ ದನಿ. ದನಿ ಬಂದರೆ ತಮ್ಮನಿಗೆ ನಿದ್ದೆ."

"ಆಗಲ್ಲ ಮಗಾ. ಏಣಿಯ ತುಂಬ ಹೀರೆಬಳ್ಳಿ ಹಬ್ಬಿದೆ. ಹೂ ಬಿಟ್ಟಿದೆ. ಎಳೆದರೆ ಹರಿದುಹೋಗುತ್ತೆ."

ಕೇಳೋಕೆ ಇನ್ಯಾರೂ ಇರಲಿಲ್ಲ. ಕಸ್ತೂರಿ ಅಲ್ಲೇ ನಿಂತಳು.

"ಬಳ್ಳಿ ನಾನು ಹಿಡ್ಕೋತೀನಿ ಅವ್ವಾ. ಫೋನು ಬೀಳಿಸಿದೆ. ಬಳ್ಳಿ ಬೀಳಿಸಲ್ಲ."

ಸಂಕವ್ವ ಅವಳ ಮುಖ ನೋಡಿದಳು. ಆಮೇಲೆ ಬಳ್ಳಿಯನ್ನು ಎಳೆಎಳೆಯಾಗಿ ಬಿಡಿಸಿದಳು. ಕಸ್ತೂರಿಯ ತೋಳಿನ ಮೇಲೆ ಹಾಸಿದಳು. ಇರುವೆ ಹತ್ತಿತು. ಕಸ್ತೂರಿ ಅಲುಗಲಿಲ್ಲ. ತೋಳು ನೋಯಿತು. ಕಸ್ತೂರಿ ಅಲುಗಲಿಲ್ಲ. ಒಂದು ಹೂವೂ ಉದುರಲಿಲ್ಲ.

ಸಂಕವ್ವ ಬಳ್ಳಿಯನ್ನು ಬೇಲಿಗೆ ಹಬ್ಬಿಸಿದಳು. ಏಣಿ ಸಿಕ್ಕಿತು.
ಫಕೀರಣ್ಣ ಏಣಿ ಹತ್ತಿದ. ಕರೆಂಟು ಬಂತು.
ದಾವಲಣ್ಣನ ಫೋನಿಗೆ ಜೀವ ಬಂತು. ಟ್ರಿಣ್ ಟ್ರಿಣ್!

"ಹೆಣ್ಣು ಮಗುವಾ? ಇಬ್ಬರೂ ಚೆನ್ನಾಗಿದ್ದಾರಾ?" ದಾವಲಣ್ಣ ಕಣ್ಣೊರೆಸಿಕೊಂಡ. ವೈರು ಕಸ್ತೂರಿಯ ಕೈಗಿಟ್ಟ.

ವಿಮಲಕ್ಕ ವೈರಿನ ಒಂದು ತುದಿ ಫೋನಿಗೆ ಚುಚ್ಚಿದರು. ಇನ್ನೊಂದು ತುದಿ ಕಂಪ್ಯೂಟರಿಗೆ. 'ಫೈಲು ಕಳಿಸಲಾ?' ಅಂತ ಫೋನಿನ ಮೇಲೆ ಬಂತು. ಕಸ್ತೂರಿ ಒತ್ತಿದಳು. ಹಸಿರು ಗೆರೆ ಮೆಲ್ಲಗೆ ಬೆಳೆಯಿತು. ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದರು.

ಅಜ್ಜಿಯ ತುಟಿ ಅಲ್ಲಾಡಿತು. ದನಿ ಬಂತು!
ದನಿ ಬಂತು, ತಮ್ಮನಿಗೆ ನಿದ್ದೆ ಬಂತು.

ಕಸ್ತೂರಿ ಪಿಸುಗುಟ್ಟಿದಳು. "ಅಕ್ಕಾ, ಫೋನಿನಲ್ಲಿ ಅಜ್ಜಿ ಖಾಲಿ ಆದರಾ?"

"ಇಲ್ಲಮ್ಮ. ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ."

"ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ," ಅಂದಳು ಕಸ್ತೂರಿ. ಅಮ್ಮನ ಮಡಿಲಿಗೆ ತಲೆಯಿಟ್ಟಳು. ಜೋಗುಳ ಮುಗಿಯೋ ಮೊದಲೇ ಅವಳಿಗೂ ನಿದ್ದೆ.