ನಾಲ್ಕು ಹಣ್ಣಿನ ಹೊಲಿಗೆ

ಅತ್ತಿಮರದಲ್ಲಿ ಎಲೆ ಹೊಲಿದು ಎಲ್ಲರಿಗೂ ಗೂಡು ಕಟ್ಟಿಕೊಡುವ ಸಿಂಪಿಗ ಹಕ್ಕಿಯೊಂದಿತ್ತು. ಹೊಲಿಯಲು ಬೇಕಾದ ಹತ್ತಿಯನ್ನು ಅಳಿಲು ತರುತ್ತಿತ್ತು. ಹತ್ತಿಗೆ ಒಂದು ಹಣ್ಣು, ಹೊಲಿಗೆಗೆ ಒಂದು ಹಣ್ಣು.

ಒಂದು ದಿನ ಅಳಿಲು, "ಸಿಂಪಿಗಣ್ಣಾ, ಇನ್ನು ಹತ್ತಿಗೆ ಎರಡು" ಎಂದಿತು.

"ಹಾಗಾದರೆ ನಿನ್ನ ಗೂಡಿನ ಹೊಲಿಗೆಗೂ ಎರಡು."

"ಹೊಲಿಗೆ ಏರಿತಲ್ಲ, ಹತ್ತಿಗೆ ಮೂರು."

ಹೀಗೆ ಮಾತು ನಾಲ್ಕಕ್ಕೆ ಬಂದು ನಿಂತಿತು. ಹೊಲಿಗೆಗೆಂದು ಅಳಿಲು ಕೊಟ್ಟ ನಾಲ್ಕು ಹಣ್ಣು ಹತ್ತಿಯ ಬೆಲೆಯಾಗಿ ಅಳಿಲಿಗೇ ಮರಳಿ ಹೋಗುತ್ತಿದ್ದರೂ, ತನ್ನ ಬೆಲೆ ಏರಿತೆಂದು ಹಕ್ಕಿ ಬೀಗಿತು.

ಆಗ, ಬಿದ್ದ ಹಣ್ಣು ಆಯ್ದು ಬದುಕುವ ಕುಂಟು ಗುಬ್ಬಿಯೊಂದು ಬಂದು ಒಂದು ಹಣ್ಣನ್ನು ಮುಂದಿಟ್ಟಿತು. "ಗೂಡು ಹರಿದಿದೆ, ಮೊಟ್ಟೆ ಬೀಳುವ ಹಾಗಿದೆ. ಹೊಲಿದುಕೊಡಣ್ಣ."

"ಈಗ ನಾಲ್ಕು ಹಣ್ಣು, ಗುಬ್ಬಕ್ಕ."

"ಹೊಲಿಗೆ ಮೊದಲಿಗಿಂತ ನಾಲ್ಕು ಪಟ್ಟು ಗಟ್ಟಿಯಾಗಿದೆಯೇನಣ್ಣ?" ಗುಬ್ಬಿಯ ದನಿಯಲ್ಲಿ ಕೊಂಕಿರಲಿಲ್ಲ.

ಅದೇ ಕೊಕ್ಕು, ಅದೇ ಎಲೆ, ಅದೇ ಹೊಲಿಗೆ. ಹಕ್ಕಿ ತಲೆ ತಗ್ಗಿಸಿತು.

"ಇನ್ನೂ ಮೂರು ಆಯ್ದು ತರುತ್ತೇನೆ," ಎಂದು ಗುಬ್ಬಿ ಹಣ್ಣನ್ನು ಕಚ್ಚಿಕೊಂಡು ಕುಂಟುತ್ತ ಹೊರಟಿತು. ಅದನ್ನು ಕರೆಯಬೇಕೆಂದು ಹಕ್ಕಿ ಬಾಯಿ ತೆರೆಯುವಷ್ಟರಲ್ಲಿ ಅಳಿಲು ಮೇಲಿನಿಂದ ಕೂಗಿತು: "ಹತ್ತಿಗೆ ಐದು!"

"ಹೊಲಿಗೆಗೂ ಐದು!" ಹಕ್ಕಿಯ ಬಾಯಿಂದ ತಾನಾಗಿ ಬಂದೇಬಿಟ್ಟಿತು.

ಗುಬ್ಬಿ ಒಂದು ಗಳಿಗೆ ನಿಂತು, ತಿರುಗಿ ನೋಡದೆ ನಡೆಯಿತು. ಹಕ್ಕಿ ತಾನೇ ಹೊಲಿದ ಎಲೆಯಲ್ಲಿ ಮುಖ ಮುಚ್ಚಿಕೊಂಡಿತು.