ಬೇವಿನ ಮರಕ್ಕೆ ಕಟ್ಟಿದ ಹಗ್ಗ

"ಬುದ್ಧಿ, ಪಟ್ಟ ಆದ ಮೇಲೂ ನಾನು ನೀರು ಸೇದಬೇಕೇ?"

ಮಠದ ಮರಿಸ್ವಾಮಿ ನಿರಂಜನ ಈ ಪ್ರಶ್ನೆಯನ್ನು ಬಾವಿಕಟ್ಟೆಯ ಬಳಿ ನಿಂತು ಕೇಳಿದ. ಮಾರನೆಯ ದಿನ ಅವನಿಗೆ ಪಟ್ಟ. ವಯಸ್ಸಾದ ಗುರುಗಳು ಪೀಠವನ್ನು ಅವನಿಗೆ ಬಿಟ್ಟುಕೊಡುವವರಿದ್ದರು. ಆ ಮಠದಲ್ಲಿ ಒಂದು ನಡಾವಳಿ ಇತ್ತು. ಬೆಳಗ್ಗೆ ಕೊಡ ಹಿಡಿದು ಬಂದ ಊರವರಿಗೆಲ್ಲ ಮಠದ ಹಿರಿಯನೇ ನೀರು ಸೇದಿ ಹೊಯ್ಯಬೇಕು. ಅದನ್ನು ಶುರು ಮಾಡಿದವರು ಈ ಗುರುಗಳೇ. ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಹೊತ್ತಿನಲ್ಲೂ ಹಗ್ಗ ಅವರ ಕೈಯಲ್ಲೇ ಇತ್ತು.

"ಯಾಕೆ, ಕೈ ನೋಯುತ್ತದೆಯೋ?" ಎಂದರು ಗುರುಗಳು.

"ಕೈ ನೋವಲ್ಲ, ಬುದ್ಧಿ. ಪೀಠದ ಮೇಲೆ ಕೂತವರು ಹೀಗೆ ಒದ್ದೆ ಬಟ್ಟೆಯಲ್ಲಿ ನಿಂತರೆ ನೋಡೋದಕ್ಕೆ ಚೆನ್ನಾಗಿರಲ್ಲ ಅಂತ ಭಕ್ತರು ಹೇಳುತ್ತಾರೆ. ಮಠದಲ್ಲಿ ಇಬ್ಬರು ಆಳುಗಳಿದ್ದಾರೆ. ನನಗಿಂತ ಗಟ್ಟಿ. ಅವರು ಸೇದಿದರೂ ಅದೇ ನೀರು ತಾನೆ?"

ಗುರುಗಳ ಕೈ ನಿಂತಿತು. ಕೊಡ ಅರ್ಧಕ್ಕೆ ಬಂದು ತೂಗಾಡಿತು.

"ಭಲೆ! ನಾಳೆ ಹೊದಿಸುವ ಶಾಲನ್ನು ಇವತ್ತೇ ಹೊದ್ದುಕೊಂಡುಬಿಟ್ಟೆಯಲ್ಲ," ಎಂದರು. ಕೊಡವನ್ನು ಮೇಲಕ್ಕೆಳೆದು, ಕಾದು ನಿಂತಿದ್ದ ಒಬ್ಬ ಮುದುಕಿಯ ಬಿಂದಿಗೆಗೆ ಹೊಯ್ದರು. ಅವಳು ಹೋದ ಮೇಲೆ ಕಟ್ಟೆಯ ಮೇಲೆ ಕುಳಿತರು.

"ಗಟ್ಟಿ ಅಂದೆಯಲ್ಲ, ಆ ಮಾತಿಗೆ ಒಂದು ಕತೆ ಇದೆ. ಕೂತುಕೋ. ನಡುವೆ ಬಾಯಿ ಹಾಕಬೇಡ."

ನಿರಂಜನ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಬಾವಿ ಮೇಸ್ತ್ರಿ ಇದ್ದ. ಅವನಿಗೆ ಒಬ್ಬ ತಮ್ಮ. ಬಾವಿ ತೋಡುವುದು ಅವರಿಗೆ ತಂದೆಯ ಕಾಲದಿಂದ ಬಂದ ಕಸುಬು. ಎಂಟು ಜನರ ತಂಡ ಕಟ್ಟಿಕೊಂಡು ಊರೂರಿಗೆ ಹೋಗುವರು. ನೀರು ಬರುವವರೆಗೆ ಅಲ್ಲೇ ಗುಡಿಸಲು ಹಾಕಿಕೊಂಡು ಇರುವರು. ನೀರು ಬಂದ ಮೇಲೆ ಮುಂದಿನ ಊರು. ತಂದೆ ತೀರಿಕೊಂಡ ಮೇಲೆ ಅಣ್ಣ ಮೇಸ್ತ್ರಿಯಾದ. ತಮ್ಮ ಕೆಳಗಿಳಿದು ಅಗೆಯುತ್ತಿದ್ದ.

ಅವರ ಕಸುಬಿನಲ್ಲಿ ಎರಡು ಹಗ್ಗ. ಒಂದು ಮಣ್ಣಿನ ಪುಟ್ಟಿಯದು. ಅದನ್ನು ನಾಲ್ಕು ಜನ ಸೇರಿ ಎಳೆಯುತ್ತಾರೆ. ಇನ್ನೊಂದು ಕೆಳಗಿಳಿದವನ ಸೊಂಟಕ್ಕೆ ಕಟ್ಟಿದ್ದು. ಅದರ ಮೇಲಿನ ತುದಿ ಮೇಸ್ತ್ರಿಯ ಸೊಂಟದಲ್ಲಿರಬೇಕು. ಬೇರೆ ಯಾರ ಸೊಂಟದಲ್ಲೂ ಅಲ್ಲ. ನೀನು ಮೇಸ್ತ್ರಿ ಅಂದರೆ ಏನೆಂದುಕೊಂಡಿದ್ದೀಯೋ ಗೊತ್ತಿಲ್ಲ. ಅವರಲ್ಲಿ ಮೇಸ್ತ್ರಿ ಎಂದರೆ ಇಷ್ಟೇ. ಬಿಸಿಲಿರಲಿ, ಮಳೆಯಿರಲಿ, ಹಗ್ಗದ ತುದಿ ಕಟ್ಟಿಕೊಂಡು ಬಾವಿಯ ಬಾಯಲ್ಲಿ ನಿಂತಿರುವವನು. ಕೆಳಗಿನವನು ಮೇಲೆ ಬರುವ ತನಕ ಅವನು ಕೂರುವಂತಿಲ್ಲ. ಊಟಕ್ಕೂ ಹೋಗುವಂತಿಲ್ಲ.

ಕೆಳಗಿನವನು ಆಗಾಗ ಹಗ್ಗವನ್ನು ಒಮ್ಮೆ ಜಗ್ಗುತ್ತಾನೆ. ಇದ್ದೀಯಾ ಎಂದು ಕೇಳಿದ ಹಾಗೆ. ಮೇಸ್ತ್ರಿ ಮೇಲಿನಿಂದ ಒಮ್ಮೆ ಜಗ್ಗುತ್ತಾನೆ. ಇದ್ದೇನೆ ಎಂದು ಹೇಳಿದ ಹಾಗೆ. ಮೂರು ಸಲ ಜಗ್ಗಿದರೆ, ನನ್ನನ್ನು ಮೇಲೆಳೆದುಕೋ ಎಂದು. ಹನ್ನೆರಡು ಆಳುದ್ದ ಕೆಳಗೆ ಕತ್ತಲೆ. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು. ಅಲ್ಲಿ ಹಾರೆ ಹಿಡಿದು ನಿಂತವನಿಗೆ ಆ ಒಂದು ಜಗ್ಗು ಎಷ್ಟು ದೊಡ್ಡದು ಎಂದು ಇಳಿದವನಿಗೇ ಗೊತ್ತು.

ಅಣ್ಣ ಮೊದಮೊದಲು ಚೆನ್ನಾಗಿಯೇ ನಿಂತ. ತಮ್ಮನಿಗೆ ದಣಿವಾದರೆ ಹಗ್ಗದಲ್ಲೇ ತಿಳಿಯುತ್ತಿತ್ತು. ಹೊಟ್ಟೆ ಹಸಿದರೆ ತಿಳಿಯುತ್ತಿತ್ತು. ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದರೆ ಅದೂ ತಿಳಿಯುತ್ತಿತ್ತು ಎಂದು ತಂಡದವರು ನಗುತ್ತಿದ್ದರು. ಅವನು ತೋಡಿಸಿದ ಬಾವಿಯಲ್ಲಿ ನೀರು ಬಾರದೆ ಇದ್ದದ್ದಿಲ್ಲ. ಹೆಸರು ಬಂತು. ಒಂದು ಊರಿನ ಗೌಡ ಅವನ ತಲೆಗೆ ರುಮಾಲು ಸುತ್ತಿದ. ಇನ್ನೊಂದು ಊರಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಬಾವಿಯ ಜಾಗ ತೋರಿಸು ಎಂದು ಕೇಳಲು ಬಂದವರು, ಬರಬರುತ್ತ ಹೆಣ್ಣು ಕೊಡುವುದು ತರುವುದು, ಅಣ್ಣತಮ್ಮಂದಿರ ಪಾಲು, ಎಲ್ಲವನ್ನೂ ಅವನ ಮುಂದೆ ತಂದರು. ಅವನ ಮಾತು ನಡೆಯುತ್ತಿತ್ತು. ಅದರಲ್ಲಿ ತಪ್ಪೇನು ಹೇಳು? ಮೇಸ್ತ್ರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಒಂದು ದಿನ ಹೀಗೇ ಯಾರೋ ನ್ಯಾಯ ಕೇಳಲು ಬಂದರು. ಮೇಸ್ತ್ರಿಯ ಸೊಂಟದಲ್ಲಿ ಹಗ್ಗ. ಬಂದವರು ನೆರಳಲ್ಲಿ, ಇವನು ಬಿಸಿಲಲ್ಲಿ. ಅಲ್ಲಿಂದ ಇಲ್ಲಿಗೆ ಕೂಗಿ ಮಾತಾಡಬೇಕು. ಅವನಿಗೆ ಸರಿ ಕಾಣಲಿಲ್ಲ. ಬಾವಿಯ ಪಕ್ಕದಲ್ಲಿ ಒಂದು ಬೇವಿನ ಮರವಿತ್ತು. ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿದ. "ಮರ ನನಗಿಂತ ಗಟ್ಟಿ ಅಲ್ಲವೇನ್ರೋ? ನಾನು ಜಾರಿದರೂ ಜಾರಿಯೇನು, ಮರ ಜಾರುತ್ತದೆಯೇ?" ಎಂದ. ತಂಡದವರು ಹೌದು ಹೌದು ಎಂದರು. ಸುಳ್ಳೇನೂ ಅಲ್ಲವಲ್ಲ. ಮರ ಗಟ್ಟಿಯೇ.

ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಮರ ಹುಡುಕುತ್ತಿದ್ದ. ಮರವಿಲ್ಲದಿದ್ದರೆ ಕಲ್ಲುಕಂಬ.

ಒಂದು ತಿಂಗಳು ಕಳೆಯಿತು. ಊಟಕ್ಕೆ ಕೂತಾಗ ತಮ್ಮ ಹೇಳಿದ, "ಅಣ್ಣ, ಮರ ಗಟ್ಟಿ ಐತೆ, ಇಲ್ಲ ಅನ್ನಲ್ಲ. ಆದರೆ ಜಗ್ಗಿದರೆ ಅದು ತಿರುಗಿ ಜಗ್ಗಲ್ಲ."

ಅಣ್ಣನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಎಂಟು ಜನರ ಮುಂದೆ ಅಂದುಬಿಟ್ಟ, "ನಿನಗೆ ಹೆದರಿಕೆ ಆಗುತ್ತೆ ಅಂತ ನಾನು ಗೂಟಕ್ಕೆ ಕಟ್ಟಿದ ದನದ ಹಾಗೆ ದಿನವೆಲ್ಲ ನಿಂತಿರಬೇಕೇನೋ? ಅಷ್ಟು ಪುಕ್ಕಲನಾದರೆ ಇಳಿಯಬೇಡ. ಮನೇಲಿ ರೊಟ್ಟಿ ತಟ್ಟಿಕೊಂಡಿರು."

ತಮ್ಮ ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡ. ಮರುದಿನ ಎಲ್ಲರಿಗಿಂತ ಮೊದಲು ಇಳಿದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಇನ್ನೊಂದು ಸಲ ಹೇಳಿದ್ದರೆ ಅಣ್ಣ ಬಹುಶಃ ಕೇಳುತ್ತಿದ್ದ. ಬಹುಶಃ ಎನ್ನುತ್ತೇನೆ, ನನಗೂ ಗೊತ್ತಿಲ್ಲ.

ಗುರುಗಳು ಬಾವಿಯೊಳಗೆ ಒಮ್ಮೆ ನೋಡಿ, ಮತ್ತೆ ಹೇಳತೊಡಗಿದರು.

ಮುಂದೆ ಒಂದು ಊರಿನಲ್ಲಿ ಹನ್ನೆರಡು ಆಳುದ್ದ ತೋಡಿದ ಮೇಲೆ ನೀರಿನ ಸೆಲೆ ಕಂಡಿತು. ಅದಕ್ಕೆ ಮುಂಚೆ ಆ ಊರವರು ಒಂದು ಹರದಾರಿ ನಡೆದು ನೀರು ತರುತ್ತಿದ್ದರು. ಅವರ ಸಂತೋಷಕ್ಕೆ ಪಾರವಿಲ್ಲ. ಬಾವಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ಚಪ್ಪರ ಹಾಕಿದರು. ಮೇಸ್ತ್ರಿಗೆ ಸನ್ಮಾನ ಎಂದರು. ಡೊಳ್ಳು ತಂದರು.

ಸೆಲೆಯ ಬಾಯನ್ನು ಇನ್ನಷ್ಟು ಬಿಡಿಸುವ ಕೆಲಸ ಉಳಿದಿತ್ತು. ಅರ್ಧ ದಿನದ ಕೆಲಸ. ನಾಳೆ ಮಾಡಿದರೂ ಆಗುತ್ತಿತ್ತು. ಆದರೆ ಹಾರ ಹಾಕಿಸಿಕೊಂಡ ಕೂಡಲೇ ಊರವರಿಗೆ ಮೊದಲ ಕೊಡ ನೀರು ತೋರಿಸಬೇಕೆಂದು ಮೇಸ್ತ್ರಿಗೆ ಆಸೆ. ತಮ್ಮನನ್ನು ಇಳಿ ಎಂದ. ಕೆಟ್ಟ ಗಾಳಿ ಇದೆಯೇ ಎಂದು ರೂಢಿಯಂತೆ ದೀಪ ಇಳಿಸಿ ನೋಡಿದರು. ದೀಪ ಚೆನ್ನಾಗಿ ಉರಿಯಿತು. ತಮ್ಮ ತನ್ನ ಹಗ್ಗದ ಮೇಲಿನ ತುದಿಯನ್ನು ತಾನೇ ಅಲ್ಲಿ ಬಾವಿಯ ಬಳಿಯಿದ್ದ ಒಂದು ಬೇವಿನ ಮರಕ್ಕೆ ಕಟ್ಟಿದ. ಇಳಿಯುವ ಮುಂಚೆ ಚಪ್ಪರದ ಕಡೆ ಒಮ್ಮೆ ನೋಡಿದ. ಅಣ್ಣ ಕೂತಲ್ಲಿಂದಲೇ ಕೈ ಎತ್ತಿದ.

ಕೆಳಗೆ ಹಾರೆಯ ಏಟಿಗೆ ಬಂಡೆಯ ಸಂದು ಬಿಟ್ಟುಕೊಂಡಿತು. ಅದರೊಳಗಿದ್ದ ಕೆಟ್ಟ ಗಾಳಿ ಹೊರಗೆ ಬಂತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆ ಭಾರವಾಗುತ್ತದೆ. ಆಮೇಲೆ ಕಾಲು ನಿಲ್ಲುವುದಿಲ್ಲ. ಕೂಗಲು ಉಸಿರು ಇರುವುದಿಲ್ಲ. ಇದ್ದರೂ ಮೇಲೆ ಡೊಳ್ಳು.

ಪುಟ್ಟಿ ಎಳೆಯುವ ನಾಲ್ವರು ಅಲ್ಲೇ ಇದ್ದರು. ಅವರನ್ನು ಬೈಯಬೇಡ. ಪುಟ್ಟಿಯ ಹಗ್ಗ ಅಲುಗಿದರೆ ಅವರು ಎಳೆಯುತ್ತಿದ್ದರು. ಅದು ಅಲುಗಲಿಲ್ಲ. ಪುಟ್ಟಿ ಇನ್ನೂ ತುಂಬಿಲ್ಲ ಎಂದುಕೊಂಡು ಚಪ್ಪರದ ಕಡೆ ಮುಖ ಮಾಡಿ ನಿಂತಿದ್ದರು. ಅವರ ಮೇಸ್ತ್ರಿಗೆ ಹಾರ ಬೀಳುವುದನ್ನು ಅವರೂ ನೋಡಬೇಡವೇ? ಇನ್ನೊಂದು ಹಗ್ಗದ ಉಸಾಬರಿ ಅವರದಲ್ಲ. ಅದು ಮೇಸ್ತ್ರಿಯದು.

ಹಾರವಾಯಿತು. ಶಾಲು ಆಯಿತು. ಮೇಸ್ತ್ರಿ ಎದ್ದು ನಿಂತು ನಾಲ್ಕು ಮಾತು ಆಡಿದ. ನನ್ನದೇನೂ ಇಲ್ಲ, ಎಲ್ಲ ನಿಮ್ಮ ಸೇವೆ ಎಂದ. ಜನ ಚಪ್ಪಾಳೆ ತಟ್ಟಿದರು. ಅವನು ಕೊಡ ಹಿಡಿದು ಬಾವಿಯ ಬಳಿಗೆ ಬಂದ.

ಬಂದವನ ಕಣ್ಣು ಮೊದಲು ಮರದ ಮೇಲೆ ಬಿತ್ತು. ಹಗ್ಗ ಕಟ್ಟಿದ ಕಡೆ ಸಿಪ್ಪೆ ಸುಲಿದು ಬಿದ್ದಿತ್ತು. ಒಳಗಿನ ಹಸಿ ಕಾಣುತ್ತಿತ್ತು. ಒಂದು ಸಲ ಜಗ್ಗಿದರೆ ಸಿಪ್ಪೆ ಹಾಗೆ ಸುಲಿಯುವುದಿಲ್ಲ, ಮರಿ. ಮೂರು ಸಲಕ್ಕೂ ಸುಲಿಯುವುದಿಲ್ಲ. ಜಗ್ಗಿ, ಉತ್ತರ ಬಾರದೆ ಮತ್ತೆ ಜಗ್ಗಿ, ಮತ್ತೆ ಜಗ್ಗಿ, ಎಷ್ಟು ಸಲವೋ. ಮರವೇನು ಮಾಡೀತು? ಗಟ್ಟಿಯಾಗಿರು ಎಂದಿದ್ದರು, ಗಟ್ಟಿಯಾಗಿತ್ತು. ಎಳ್ಳಷ್ಟೂ ಅಲುಗಿರಲಿಲ್ಲ.

ತಮ್ಮನನ್ನು ಮೇಲೆಳೆದಾಗ ಮೈ ಇನ್ನೂ ಬೆಚ್ಚಗಿತ್ತು. ಉಸಿರು ಇರಲಿಲ್ಲ. ಹಗ್ಗ ಅವನ ಬಲಗೈ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಅಣ್ಣನಿಂದ ಆಗಲಿಲ್ಲ. ಬೇರೆಯವರು ಕುಯ್ದು ತೆಗೆದರು.

ಹೆಣವನ್ನು ಗಾಡಿಯಲ್ಲಿ ಹಾಕಿಕೊಂಡು ತಾಯಿಯ ಮನೆಗೆ ಹೋದರು. ಅವಳೂ ಬಾವಿ ತೋಡುವವನ ಹೆಂಡತಿಯಾಗಿದ್ದವಳೇ. ಅತ್ತಳು, ನೆಲಕ್ಕೆ ತಲೆ ಚಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ದೊಡ್ಡ ಮಗನನ್ನು ಒಂದೇ ಒಂದು ಮಾತು ಕೇಳಿದಳು.

"ಹಗ್ಗ ನಿನ್ನ ಹತ್ತಿರವೇ ಇತ್ತಲ್ಲವೇನಪ್ಪ?"

ಅವನು ಬಾಯಿ ತೆರೆದ. ಮರ ಎನ್ನಬೇಕೆಂದೇ ತೆರೆದದ್ದು. ಬಂದ ಮಾತು ಬೇರೆ.

"ಹೂಂ ಅವ್ವ. ನನ್ನ ಹತ್ತಿರವೇ ಇತ್ತು."

"ಹಂಗಾದರೆ ಅವನ ಆಯಸ್ಸೇ ಅಷ್ಟು, ಬಿಡು. ನೀನಿದ್ದೂ ಉಳಿಯಲಿಲ್ಲ ಅಂದಮೇಲೆ ಯಾರಿದ್ದರೂ ಉಳಿಯುತ್ತಿರಲಿಲ್ಲ," ಎಂದಳು ತಾಯಿ. ಅವನ ತಲೆ ಸವರಿದಳು. ತಂಡದವರು ಅಲ್ಲೇ ನೆಲ ನೋಡುತ್ತ ನಿಂತಿದ್ದರು. ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಯ ಮಾತು ಎಂದು ಯಾರೂ ತುಟಿ ಬಿಚ್ಚಲಿಲ್ಲ. ಅವನ ಮಾತಿಗೆ ಅಷ್ಟು ಬೆಲೆ ಇತ್ತು ನೋಡು.

ಆಮೇಲೆ ಅವನು ಹಾರೆ ಮುಟ್ಟಲಿಲ್ಲ. ರುಮಾಲು, ಶಾಲುಗಳನ್ನು ಯಾರಿಗೋ ಕೊಟ್ಟ. ತಾಯಿ ಮಾತ್ರ ಓಣಿಯವರ ಮುಂದೆ ಹೇಳಿಕೊಂಡಳು, ನನ್ನ ಹಿರಿಮಗ ಕೊನೇವರೆಗೂ ತಮ್ಮನ ಹಗ್ಗ ಬಿಡಲಿಲ್ಲ ಎಂದು. ಅವನು ಪಕ್ಕದಲ್ಲಿ ಕೂತು ಅದನ್ನು ಕೇಳಬೇಕಾಗುತ್ತಿತ್ತು.

ಕತೆ ಇಷ್ಟೇ ಎಂದು ಗುರುಗಳು ಎದ್ದರು. ಕೊಡವನ್ನು ಬಾವಿಗೆ ಬಿಟ್ಟರು. ಹಗ್ಗ ಅವರ ಅಂಗೈಯೊಳಗಿಂದ ಸರಸರನೆ ಇಳಿಯಿತು.

"ನೀನು ನೀರು ಸೇದು ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ನಾಳೆಯಿಂದ ನೀನು ಹಿರಿಯ. ಆದರೆ ಒಂದು ಕೇಳುತ್ತೇನೆ. ಆಗಲೇ ಬಿಂದಿಗೆ ತುಂಬಿಸಿಕೊಂಡು ಹೋದಳಲ್ಲ ಆ ಮುದುಕಿ, ಅವಳ ಮನೆಗೆ ನೀರು ಒಯ್ಯುವವಳು ಅವಳ ಸೊಸೆ. ಮೂರು ದಿನವಾಯಿತು, ಸೊಸೆ ಬಂದಿಲ್ಲ. ಮುದುಕಿಯ ಕೈ ನಡುಗುತ್ತಿತ್ತು. ನೀನು ನೋಡಿದೆಯಾ?"

ನಿರಂಜನ ನೋಡಿರಲಿಲ್ಲ.

"ಆಗ ಅವಳ ಪಕ್ಕದಲ್ಲೇ ನಿಂತಿದ್ದೆಯಲ್ಲೋ! ಮಧ್ಯಾಹ್ನ ಅವರ ಮನೆಗೆ ಹೋಗಿ ವಿಚಾರಿಸಿಕೊಂಡು ಬಾ. ಆಳನ್ನು ಕಳಿಸಬೇಡ."

"ಹೋಗುತ್ತೇನೆ, ಬುದ್ಧಿ," ಎಂದ ನಿರಂಜನ. ಎದ್ದು ನಿಂತ. ಹೊರಡಲಿಲ್ಲ. ಅವನ ಮನಸ್ಸಿನಲ್ಲಿ ಒಂದು ಮಾತು ಉಳಿದಿತ್ತು.

"ಬುದ್ಧಿ, ಆ ಮೇಸ್ತ್ರಿ ಕೊನೆಗಾದರೂ ತಾಯಿಗೆ ನಿಜ ಹೇಳಿದನೇ?"

ಗುರುಗಳು ತುಂಬಿದ ಕೊಡವನ್ನು ಮೇಲಕ್ಕೆಳೆದು ಕಟ್ಟೆಯ ಮೇಲೆ ಇಟ್ಟರು. ಹಗ್ಗವನ್ನು ಮಾತ್ರ ಕೆಳಗಿಡಲಿಲ್ಲ.

"ಇಲ್ಲ ಮರಿ, ಅವ್ವ ಪ್ರಾಣ ಬಿಡುವಾಗಲೂ ನನ್ನ ಈ ಕೈ ಹಿಡಿದುಕೊಂಡು, ಹಗ್ಗ ಬಿಡದ ಕೈ ಇದು ಅಂದಳು."